ಹಿರಿಯರ ಇಲಾಜು: ಮುಂದುವರಿಸುವುದೋ, ನಿಲ್ಲಿಸುವುದೋ?

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಶಿಕ್ಷಕರೊಬ್ಬರು ಮೈಕ್ ಮುಂದೆ ನಿಂತರೆ ಶಿಕ್ಷಣದ ಮಹತ್ವದ ಬಗ್ಗೆಯೇ ಮಾತಾಡುತ್ತಾರೆಂದು ನೀವು ತಿಳಿದಿರಬಹುದು. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾನು ಆರಿಸಿಕೊಂಡದ್ದು ನಮ್ಮ ಮನೆಗಳಲ್ಲಿ ಪಿಸುಮಾತಿನಲ್ಲಿ ನಡೆಯುವ ಒಂದು ವಿಷಯ. ಎಪ್ಪತ್ತೈದು ದಾಟಿದ ಅಬ್ಬಾ ಅಥವಾ ದಾದಾ ಅವರಿಗೆ ಮೂತ್ರಕೋಶದ ಕ್ಯಾನ್ಸರ್ ಬಂದಿದೆ. ಚಿಕಿತ್ಸೆ ಅರ್ಧ ದಾರಿಗೆ ಬಂದಿದೆ. "ಬಸ್ ಬೇಟಾ, ಅಬ್ ಬಸ್" ಎನ್ನುತ್ತಾರೆ ಅವರು. "ಐಸಾ ಕೈಸಾ ಛೋಡ್ನಾ ಅಬ್ಬಾ" ಎನ್ನುತ್ತಾನೆ ಮಗ. ಇಬ್ಬರ ಮಾತಿನಲ್ಲೂ ಪ್ರೀತಿಯಿದೆ. ಯಾರ ಮಾತು ನಡೆಯಬೇಕು?

ಮೊದಲು ಕಾಯಿಲೆಯನ್ನು ತಿಳಿಯೋಣ. ಮೂತ್ರಪಿಂಡ ಬೇರೆ, ಮೂತ್ರಕೋಶ ಬೇರೆ. ಉರ್ದುವಿನಲ್ಲಿ ಮೊದಲನೆಯದು ಗುರ್ದಾ, ಎರಡನೆಯದು ಮಸಾನಾ. ಇವೆರಡನ್ನು ಅದಲುಬದಲು ಮಾಡಿ ಡಾಕ್ಟರಿಗೆ ಹೇಳುವವರು ಬಹಳ ಜನ. ಮೂತ್ರಕೋಶದ ಕ್ಯಾನ್ಸರಿಗೆ ದೊಡ್ಡ ಕಾರಣ ಬೀಡಿ, ಸಿಗರೇಟು. ಹೊಗೆಯ ವಿಷ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡ ಅದನ್ನು ಸೋಸಿ ಮೂತ್ರಕ್ಕೆ ಬಿಡುತ್ತದೆ, ಆ ಮೂತ್ರ ತಾಸುಗಟ್ಟಲೆ ಕೋಶದಲ್ಲಿ ನಿಂತಿರುತ್ತದೆ. ಹೊಗೆ ಸೇದುವುದು ಶ್ವಾಸಕೋಶಕ್ಕೆ ಮಾತ್ರ ಕೆಟ್ಟದ್ದು ಎಂದುಕೊಂಡವರು ಇದನ್ನು ಗಮನಿಸಬೇಕು. ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ಕಾಯಿಲೆ ಹೆಚ್ಚೆಂದು ಜರ್ಮನಿಯ ರೆನ್ ಎಂಬ ವೈದ್ಯ 1895ರಲ್ಲಿಯೇ ತೋರಿಸಿದ್ದ. ಇದು ಹೆಣ್ಣುಮಕ್ಕಳಿಗಿಂತ ಗಂಡಸರಲ್ಲಿ ಮೂರು-ನಾಲ್ಕು ಪಟ್ಟು ಹೆಚ್ಚು, ಮತ್ತು ಬಹುಪಾಲು ಇಳಿವಯಸ್ಸಿನಲ್ಲಿಯೇ ಬರುವಂಥದ್ದು.

ಮೊದಲ ಲಕ್ಷಣ ಮೂತ್ರದಲ್ಲಿ ರಕ್ತ, ಸಾಮಾನ್ಯವಾಗಿ ನೋವಿಲ್ಲದೆ. ಒಂದು ದಿನ ಕಂಡು, ಆಮೇಲೆ ವಾರಗಟ್ಟಲೆ ಕಾಣದೆಯೂ ಇರಬಹುದು. "ಉಷ್ಣ ಆಗೇದ" ಎಂದು ಜೀರಿಗೆ ನೀರು ಕುಡಿದು ಸುಮ್ಮನಿರುತ್ತಾರೆ. ಬುಜುರ್ಗರಿಗೆ ಸೊಸೆಯ ಮುಂದೆ, ಮೊಮ್ಮಕ್ಕಳ ಮುಂದೆ ಪೇಶಾಬಿನ ಮಾತು ಎತ್ತಲು ಶರಮ್. ನಾಚಿಕೆಯಿಂದ ಕಳೆದ ಆ ತಿಂಗಳುಗಳೇ ಮುಂದಿನ ತೀರ್ಮಾನವನ್ನು ಕಠಿಣ ಮಾಡುತ್ತವೆ.

ಈ ಕಾಯಿಲೆಯಲ್ಲಿ ಎರಡು ಜಾತಿ ಎಂದು ತಿಳಿಯಿರಿ. ಸುಮಾರು ನೂರಕ್ಕೆ ಎಪ್ಪತ್ತು ಜನರಲ್ಲಿ ಗಡ್ಡೆ ಕೋಶದ ಒಳಪದರದಲ್ಲಿಯೇ ಇರುತ್ತದೆ. ಉಳಿದವರಲ್ಲಿ ಅದು ಸ್ನಾಯುವಿನ ಗೋಡೆಗೆ ಇಳಿದಿರುತ್ತದೆ ಅಥವಾ ಆಚೆಗೂ ಹೋಗಿರುತ್ತದೆ. ಒಳಪದರದ ಗಡ್ಡೆಯನ್ನು ಮೂತ್ರದ ದಾರಿಯಿಂದಲೇ ದುರ್ಬೀನು ಹಾಕಿ ಕೆರೆದು ತೆಗೆಯುತ್ತಾರೆ, ಹೊಟ್ಟೆ ಕೊಯ್ಯುವುದಿಲ್ಲ. ಮತ್ತೆ ಬರುವ ಅಪಾಯ ಹೆಚ್ಚಿದ್ದರೆ ಬಿಸಿಜಿ ಕೊಡುತ್ತಾರೆ. ಹೌದು, ಹುಟ್ಟಿದ ಮಗುವಿಗೆ ತೋಳಿನ ಮೇಲೆ ಹಾಕುವ ಅದೇ ಕ್ಷಯದ ಲಸಿಕೆ. ಅದನ್ನು ಸಣ್ಣ ನಳಿಕೆಯಿಂದ ಮೂತ್ರಕೋಶದೊಳಗೆ ಬಿಟ್ಟು ಸುಮಾರು ಎರಡು ತಾಸು ಹಿಡಿದಿಟ್ಟುಕೊಳ್ಳಬೇಕು. ಕೆನಡಾದ ಡಾ. ಮೊರಾಲೆಸ್ 1976ರಲ್ಲಿ ಪ್ರಕಟಿಸಿದ ಈ ಪದ್ಧತಿ ಇಂದಿಗೂ ಜಗತ್ತಿನಾದ್ಯಂತ ನಡೆಯುತ್ತಿದೆ. ಆ ಔಷಧಿ ನಮ್ಮ ಪಕ್ಕದ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನಲ್ಲಿಯೂ ತಯಾರಾಗುತ್ತದೆ.

ಮೊದಲು ವಾರಕ್ಕೊಂದರಂತೆ ಆರು ಸಲ. ಆಮೇಲೆ ಮೂರನೆಯ ತಿಂಗಳು, ಆರನೆಯ ತಿಂಗಳು, ಹೀಗೆ ಮೂರು-ಮೂರು ಸಲದಂತೆ ಒಂದು ವರ್ಷ, ಅಪಾಯ ಹೆಚ್ಚಿದ್ದವರಿಗೆ ಮೂರು ವರ್ಷದವರೆಗೆ. ನಡುನಡುವೆ ದುರ್ಬೀನು ಪರೀಕ್ಷೆ, ಅದೂ ಅಪಾಯ ಹೆಚ್ಚಿದ್ದವರಿಗೆ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ. ಪ್ರತಿ ಸಲ ಉರಿ, ರಾತ್ರಿಯೆಲ್ಲ ಏಳುವುದು, ಒಮ್ಮೊಮ್ಮೆ ಜ್ವರ. ಕಲಘಟಗಿಯಿಂದಲೋ ಕುಂದಗೋಳದಿಂದಲೋ ಬಸ್ಸು ಹತ್ತಿ ಬರುವ ಎಂಬತ್ತರ ಮನುಷ್ಯ "ಸಾಕು" ಎಂದರೆ ಅದು ಹೇಡಿತನವಲ್ಲ. ಈ ಕಾಯಿಲೆಯ ಚಿಕಿತ್ಸೆ ಒಂದು ದಿನದ ಆಪರೇಷನ್ ಅಲ್ಲ, ವರ್ಷಗಳ ನಡಿಗೆ. ದಣಿವು ಸಹಜ.

ಆದರೆ "ನಿಲ್ಲಿಸುವುದು" ಎಂಬ ಒಂದೇ ಶಬ್ದದಲ್ಲಿ ಹಲವು ಬೇರೆ ಬೇರೆ ಸಂಗತಿಗಳಿವೆ, ಅವನ್ನು ಬಿಡಿಸಿ ನೋಡಬೇಕು. ಸಣ್ಣ, ಕಡಿಮೆ ಅಪಾಯದ ಗಡ್ಡೆಯಾಗಿದ್ದರೆ ಪರೀಕ್ಷೆಯ ಅಂತರವನ್ನೇ ವರ್ಷಕ್ಕೊಮ್ಮೆ ಎಂದು ಹಿಗ್ಗಿಸಬಹುದು, ಅದು ವೈದ್ಯರೇ ಒಪ್ಪುವ ಪದ್ಧತಿ. ಬಿಸಿಜಿ ಮೊದಲ ಸುತ್ತು ಮುಗಿದು ಮುಂದಿನದು ತಡೆಯಲಾಗದಿದ್ದರೆ "ಇಲ್ಲಿಗೇ ಬಿಟ್ಟರೆ ಎಷ್ಟು ನಷ್ಟ?" ಎಂದು ಕೇಳಬಹುದು. ಔಷಧಿ ಬಿಟ್ಟರೂ ಪರೀಕ್ಷೆ ಮುಂದುವರಿಸಬಹುದು.

ಗಡ್ಡೆ ಸ್ನಾಯುವಿಗೆ ಇಳಿದಿದ್ದರೆ ಮಾತು ಬೇರೆಯಾಗುತ್ತದೆ. ಆಗ ಸಾಮಾನ್ಯವಾಗಿ ಹೇಳುವುದು ಮೂತ್ರಕೋಶವನ್ನೇ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆ. ಕರುಳಿನ ತುಂಡಿನಿಂದ ದಾರಿ ಮಾಡಿ ಹೊಟ್ಟೆಯ ಮೇಲೆ ಚೀಲ ಕಟ್ಟುತ್ತಾರೆ, ಮೂತ್ರ ಅದಕ್ಕೆ ಬರುತ್ತದೆ. ಇನ್ನೊಂದು ದಾರಿ, ಗಡ್ಡೆಯನ್ನು ಕೆರೆದು, ಕೋಶವನ್ನು ಉಳಿಸಿ, ವಿಕಿರಣ ಮತ್ತು ಕೀಮೋ ಎರಡನ್ನೂ ಕೊಡುವುದು. ಆಯ್ದ ರೋಗಿಗಳಲ್ಲಿ ಇದೂ ಒಳ್ಳೆಯ ಫಲ ಕೊಟ್ಟಿದೆ. ಹಾಗಾಗಿ ದೊಡ್ಡ ಆಪರೇಷನ್ ಒಲ್ಲೆ ಎಂದವರು ಎಲ್ಲವನ್ನೂ ಒಲ್ಲೆ ಎಂದ ಹಾಗಲ್ಲ. ಮೂರನೆಯದು ಗುಣಪಡಿಸುವ ಪ್ರಯತ್ನ ಬಿಟ್ಟು ನೋವು, ರಕ್ತಸ್ರಾವಗಳಿಗೆ ಮಾತ್ರ ಶುಶ್ರೂಷೆ ಮಾಡುವುದು.

ಈ ಮೂರನೆಯದನ್ನು ಆರಿಸಿಕೊಂಡವರು "ಮನೆಗೆ ಕರಕೊಂಡು ಹೋಗಿ ದುವಾ ಮಾಡಿರಿ" ಎಂದುಕೊಂಡು ಬರಿಗೈಲಿ ಹೋಗಬಾರದು. ಈ ಗಡ್ಡೆ ಸುಮ್ಮನೆ ಕೂಡುವಂಥದ್ದಲ್ಲ. ರಕ್ತ ಹೆಪ್ಪುಗಟ್ಟಿ ಮೂತ್ರ ಕಟ್ಟಬಹುದು, ಮೂತ್ರಪಿಂಡದ ದಾರಿ ಮುಚ್ಚಬಹುದು, ಎಲುಬಿನ ನೋವು ಬರಬಹುದು. ರಾತ್ರಿ ಎರಡಕ್ಕೆ ಮೂತ್ರ ಕಟ್ಟಿದರೆ ಎಲ್ಲಿಗೆ ಹೋಗಬೇಕು, ನಳಿಕೆ ಯಾರು ಹಾಕುತ್ತಾರೆ ಎಂಬುದು ಮೊದಲೇ ಗೊತ್ತಿರಬೇಕು. ರಕ್ತ ನಿಲ್ಲಿಸಲು ಕೆಲವೇ ದಿನದ ವಿಕಿರಣ ಸಾಕಾಗಬಹುದು. ನೋವಿಗೆ ಮಾರ್ಫಿನ್ ಮಾತ್ರೆಯಿದೆ. ಅದು ಸುಲಭವಾಗಿ ರೋಗಿಗೆ ಸಿಗಲೆಂದೇ 2014ರಲ್ಲಿ ಕಾನೂನು ತಿದ್ದುಪಡಿಯಾಯಿತು. "ಅಫೀಮು ಚಟ ಹತ್ತುತ್ತದೆ" ಎಂದು ಹೆದರಿ ನರಳುವವರಿಗೆ ಅದನ್ನು ತಡೆಯುವುದು ಜುಲ್ಮ್ ಎಂದೇ ನಾನು ಹೇಳುತ್ತೇನೆ. ವೈದ್ಯರ ಅಳತೆಯಲ್ಲಿ ನೋವಿಗೆ ಕೊಟ್ಟ ಔಷಧಿ ಚಟವಲ್ಲ.

ಹಾಗಾದರೆ ವಯಸ್ಸು ನೋಡಿ ತೀರ್ಮಾನಿಸಬೇಕೇ? ವಯಸ್ಸೊಂದನ್ನೇ ನೋಡಬಾರದು. ಫಜರ್‌ಗೆ ನಡೆದು ಮಸೀದಿಗೆ ಹೋಗುವ ಎಂಬತ್ತೆರಡರ ಮನುಷ್ಯನಿದ್ದಾನೆ, ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟು ಮಂಚ ಹಿಡಿದ ಅರವತ್ತೆಂಟರವನೂ ಇದ್ದಾನೆ. ಈ ಕಾಯಿಲೆಗೆ ಕೊಡುವ ಮುಖ್ಯ ಕೀಮೋ ಔಷಧಿ ಸಿಸ್‌ಪ್ಲಾಟಿನ್ ಮೂತ್ರಪಿಂಡ ಗಟ್ಟಿಯಿದ್ದವರಿಗೆ ಮಾತ್ರ. ನಡಿಗೆ, ತೂಕ, ಹೃದಯ, ನೆನಪು, ಮನೆಯಲ್ಲಿ ನೋಡಿಕೊಳ್ಳುವವರು, ಇವೆಲ್ಲ ಜನ್ಮ ದಿನಾಂಕಕ್ಕಿಂತ ಹೆಚ್ಚು ಹೇಳುತ್ತವೆ. ನೋಡಿಕೊಳ್ಳುವವರು ಎಂದಾಗ ಅದು ಸಾಮಾನ್ಯವಾಗಿ ಸೊಸೆ, ಇಲ್ಲವೆ ಮದುವೆಯಾಗದ ಮಗಳು. ತೀರ್ಮಾನದ ಮಾತುಕತೆಗೆ ಮಾತ್ರ ಅವರನ್ನು ಕರೆಯುವುದಿಲ್ಲ!

ಈಗ ನಮ್ಮ ಹಿರಿಯರ ಮನಸ್ಸಿನೊಳಗಿನ ಮಾತಿಗೆ ಬರುತ್ತೇನೆ. ಡಾಕ್ಟರಿಗೆ ಅವರು ಹೇಳುವುದು "ವಯಸ್ಸಾತು, ಬ್ಯಾಡ್ರಿ" ಎಂದು. ಒಳಗಿನ ಭಯ ಬೇರೆ. ಹೊಟ್ಟೆಗೆ ಮೂತ್ರದ ಚೀಲ ಕಟ್ಟಿಕೊಂಡು ನಮಾಜು ಹೇಗೆ? ವಜೂ ಹೇಗೆ? ಮಸೀದಿಯ ಸಫ್‌ನಲ್ಲಿ ಪಕ್ಕದವನಿಗೆ ವಾಸನೆ ಬಂದರೆ? ಇದನ್ನು ಅವರು ಡಾಕ್ಟರಿಗೆ ಹೇಳುವುದಿಲ್ಲ, ಡಾಕ್ಟರು ಕೇಳುವುದೂ ಇಲ್ಲ. ಇದಕ್ಕೆ ನಮ್ಮ ಫಿಕ್ಹ್‌ನಲ್ಲಿ ಉತ್ತರವಿದೆ. ಹನಫೀ ಮಸ್ಲಕ್ಕಿನಲ್ಲಿ ಇಂಥವರನ್ನು ಮಾಜೂರ್ ಎನ್ನುತ್ತಾರೆ. ಒಂದು ನಮಾಜಿನ ಪೂರ್ತಿ ವಕ್ತ್‌ನಲ್ಲಿ ವಜೂ ಮಾಡಿ ಫರ್ಜ್ ಮುಗಿಸುವಷ್ಟೂ ಬಿಡುವು ಸಿಗದಂತೆ ಮೂತ್ರ ಹನಿಯುತ್ತಿದ್ದರೆ ಅವರು ಪ್ರತಿ ವಕ್ತ್‌ಗೆ ಒಂದು ವಜೂ ಮಾಡಿದರೆ ಸಾಕು. ಆ ವಕ್ತ್ ಮುಗಿಯುವವರೆಗೆ ಹನಿದರೂ ಆ ಕಾರಣಕ್ಕೆ ವಜೂ ಮುರಿಯುವುದಿಲ್ಲ, ನಮಾಜು ಆಗುತ್ತದೆ. ನಿಮ್ಮ ಮೊಹಲ್ಲಾದ ಮುಫ್ತಿ ಸಾಹೇಬರನ್ನು ಆಪರೇಷನ್ನಿಗೆ ಮೊದಲೇ ಮನೆಗೆ ಕರೆದು ಹಿರಿಯರಿಗೆ ನೇರವಾಗಿ ಹೇಳಿಸಿರಿ. ಈ ಭಯ ಹೋದ ಮೇಲೂ ಅವರು ಬೇಡ ಎಂದರೆ ಅದು ಅವರ ನಿಜವಾದ ಉತ್ತರ.

ಇನ್ನು, ಇಲಾಜು ನಿಲ್ಲಿಸುವುದು ಗುನಾಹ್ ಅಲ್ಲವೇ ಎಂಬ ಪ್ರಶ್ನೆ. ಇಲಾಜು ಮಾಡಿಸಿರಿ ಎಂದು ಪ್ರವಾದಿಯವರು (ಸ) ಹೇಳಿದ್ದು ಎಲ್ಲರಿಗೂ ಗೊತ್ತು. ಪ್ರತಿ ಕಾಯಿಲೆಗೂ ಮದ್ದಿದೆ ಎನ್ನುವ ಅಬೂ ದಾವೂದ್ ಮತ್ತು ತಿರ್ಮಿಜಿಯ ಆ ಹದೀಸಿನಲ್ಲಿಯೇ ಒಂದಕ್ಕೆ ವಿನಾಯಿತಿ ಇದೆ, ಅದು ಮುಪ್ಪು. ಇದನ್ನು ವೇದಿಕೆಗಳಲ್ಲಿ ಕಡಿಮೆ ಹೇಳುತ್ತಾರೆ. ಬುಖಾರಿಯಲ್ಲಿ ಇನ್ನೊಂದು ಘಟನೆಯಿದೆ. ಮೂರ್ಛೆ ರೋಗದ ಮಹಿಳೆಯೊಬ್ಬಳು ದುವಾ ಕೇಳಿ ಬಂದಾಗ ಪ್ರವಾದಿಯವರು ಅವಳ ಮುಂದೆ ಎರಡು ದಾರಿ ಇಟ್ಟರು: ಸಬರ್ ಮಾಡಿದರೆ ಜನ್ನತ್, ಬೇಕೆಂದರೆ ಗುಣವಾಗಲು ದುವಾ. ಅವಳು ಸಬರ್ ಆರಿಸಿಕೊಂಡಳು, ಮೂರ್ಛೆಯಲ್ಲಿ ಮೈಮೇಲಿನ ಬಟ್ಟೆ ಸರಿಯದಿರಲೆಂದು ಮಾತ್ರ ಕೇಳಿಕೊಂಡಳು. ಆಯ್ಕೆ ಅವಳದೇ ಆಗಿತ್ತು ಎಂಬುದನ್ನು ಗಮನಿಸಿರಿ. ಔರಂಗಜೇಬನ ಕಾಲದಲ್ಲಿ ಸಿದ್ಧವಾದ ಫತಾವಾ ಆಲಂಗೀರಿಯಲ್ಲಿಯೂ ವ್ಯತ್ಯಾಸ ಸ್ಪಷ್ಟವಿದೆ. ಅನ್ನ ನೀರು ಬಿಟ್ಟು ಸಾಯುವುದು ಹರಾಮ್, ಯಾಕೆಂದರೆ ಹಸಿವು ಅನ್ನದಿಂದ ಹೋಗುವುದು ಖಚಿತ. ಔಷಧಿಯ ಫಲ ಖಚಿತವಲ್ಲ. ಆದ್ದರಿಂದ ಅದನ್ನು ತೆಗೆದುಕೊಳ್ಳುವುದು ತವಕ್ಕುಲ್‌ಗೆ ವಿರುದ್ಧವಲ್ಲ, ಬಿಡುವುದೂ ನಿಷಿದ್ಧವಲ್ಲ. ಪ್ರಾಣ ತೆಗೆಯುವ ಸೂಜಿ ಕೊಡುವುದು, ಆತ್ಮಹತ್ಯೆ, ಇವು ಬೇರೆ ಮಾತು. ಅವಕ್ಕೆ ದೀನ್‌ನಲ್ಲಿ ಜಾಗವಿಲ್ಲ.

ದೇಶದ ಕಾನೂನೂ ಹತ್ತಿರ ಹತ್ತಿರ ಇಲ್ಲಿಗೇ ಬಂದು ನಿಂತಿದೆ, ಮತ್ತು ಆ ದಾರಿಯಲ್ಲಿ ಕನ್ನಡ ನಾಡಿನ ಹೆಣ್ಣುಮಕ್ಕಳೇ ಮುಂದೆ ಕಾಣುತ್ತಾರೆ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2011ರಲ್ಲಿ ಮೊದಲು ಈ ಬಾಗಿಲನ್ನು ಸ್ವಲ್ಪ ತೆರೆಯಿತು. 2018ರ ಮಾರ್ಚ್ 9ರಂದು ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗವೇ ಎಂದಿತು. 2023ರಲ್ಲಿ ವಿಧಾನವನ್ನು ಸರಳ ಮಾಡಿತು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಇದಕ್ಕಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಹೋರಾಡಿದವರು ದಾವಣಗೆರೆಯ ಎಚ್.ಬಿ. ಕರಿಬಸಮ್ಮ. ನಮ್ಮ ಹಾಗೆಯೇ ಶಾಲಾ ಶಿಕ್ಷಕಿ, ನಿವೃತ್ತರು. ಬೆನ್ನುನೋವಿನಲ್ಲಿ ವರ್ಷಗಟ್ಟಲೆ ನರಳಿದ ಅವರಿಗೆ ಆದೇಶ ಬಂದಾಗ 85 ವರ್ಷ, ಅಷ್ಟರಲ್ಲಿ ಕ್ಯಾನ್ಸರೂ ತಗುಲಿತ್ತು. ಅವರು ಕೇಳಿದ್ದೆಲ್ಲವನ್ನೂ ನಾವು ಒಪ್ಪಬೇಕೆಂದಿಲ್ಲ. ಆದರೆ ನನ್ನ ದೇಹದ ಬಗ್ಗೆ ನನ್ನನ್ನು ಕೇಳಿರಿ ಎಂಬ ಅವರ ಹಟವನ್ನು ನಾನು ಗೌರವಿಸುತ್ತೇನೆ.

ಇಲ್ಲೊಂದು ಗೊಂದಲವಾಗುತ್ತದೆ. ಆ ಆದೇಶದ ವೈದ್ಯರ ಮಂಡಳಿಗಳು ಗುಣವಾಗುವ ಆಸೆಯಿಲ್ಲದೆ ಯಂತ್ರಗಳ ಮೇಲೆ ಮಲಗಿದವರಿಗಾಗಿ. ಎಚ್ಚರದಲ್ಲಿರುವ, ತಿಳಿವಳಿಕೆಯಿರುವ ಅಬ್ಬಾ ಅವರು ಆಪರೇಷನ್ ಬೇಡ ಎನ್ನಲು ಯಾವ ಮಂಡಳಿಯ ಅನುಮತಿಯೂ ಬೇಡ. ರೋಗಿಯ ಒಪ್ಪಿಗೆಯಿಲ್ಲದೆ ಚಿಕಿತ್ಸೆ ಮಾಡಬಾರದೆಂದು ಸುಪ್ರೀಂ ಕೋರ್ಟು 2008ರಲ್ಲಿಯೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಮಗನ ಸಹಿ ತಂದೆಯ ಒಪ್ಪಿಗೆಯಲ್ಲ.

ಒಪ್ಪಿಗೆ ಕೊಡಲು ವಿಷಯ ಗೊತ್ತಿರಬೇಕಲ್ಲ? ವಿದ್ಯಾರ್ಥಿಗಳೇ, ಇದು ನಿಮ್ಮ ಕೆಲಸ. ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿರಲಿ, ನಾವು ಇಂದಿಗೂ ಕಿಮ್ಸ್ ಎಂದೇ ಕರೆಯುವ ವಿದ್ಯಾನಗರದ ಸರ್ಕಾರಿ ದವಾಖಾನೆಯಲ್ಲಿರಲಿ, ಡಾಕ್ಟರು ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ ಹೇಳುತ್ತಾರೆ, ದಾದಾ ಅವರಿಗೆ ಬರುವುದು ನಮ್ಮ ದಖನಿ. ನಡುವೆ ನಿಲ್ಲುವುದು ಎಂಟನೆಯ, ಹತ್ತನೆಯ ತರಗತಿಯ ಮೊಮ್ಮಗ. ನಾನು ಎರಡೂ ಭಾಷೆ ಕಲಿಸುವವನು. ಅನುವಾದ ಎಲ್ಲಿ ಜಾರುತ್ತದೆ ಎಂಬುದು ನನಗೆ ಗೊತ್ತು. ಡಾಕ್ಟರು ಕ್ಯಾನ್ಸರ್ ಎಂದರೆ ಹುಡುಗ "ಗಾಂಠ್" ಎನ್ನುತ್ತಾನೆ. "ಮೂತ್ರಕೋಶ ತೆಗೆಯಬೇಕು" ಎಂಬುದು "ಛೋಟಾ ಆಪರೇಷನ್" ಆಗುತ್ತದೆ. "ಗುಣವಾಗುವುದಿಲ್ಲ, ತಡೆಯಬಹುದು" ಎಂಬುದು "ಠೀಕ್ ಹೋ ಜಾತಾ" ಆಗುತ್ತದೆ. ಹಿಂದೆ ನಿಂತ ಚಾಚಾ ಕಣ್ಣಿನಲ್ಲೇ ಸನ್ನೆ ಮಾಡಿರುತ್ತಾರೆ, ಹುಡುಗನ ತಪ್ಪೇನಿಲ್ಲ. ಆದರೆ ದಾದಾ ಅವರು ಕೊಟ್ಟ ಉತ್ತರ ಬೇರೆ ಯಾವುದೋ ಪ್ರಶ್ನೆಗೆ. ದೊಡ್ಡವರೇ, ಈ ಭಾರವನ್ನು ಮಗುವಿನ ಮೇಲೆ ಹಾಕಬೇಡಿ. ಎರಡೂ ಭಾಷೆ ಬಲ್ಲ ಹಿರಿಯರೊಬ್ಬರನ್ನು ಕರೆದೊಯ್ಯಿರಿ, ನನ್ನನ್ನು ಕರೆದರೂ ಬರುತ್ತೇನೆ. ಅವರಿಗೆ ಎಷ್ಟು ತಿಳಿಯಲು ಇಷ್ಟವಿದೆ ಎಂದು ಮೊದಲು ಅವರನ್ನೇ ಕೇಳಿರಿ. "ನನಗೆ ಹೇಳಬೇಡಿ, ಮಗನಿಗೆ ಹೇಳಿ" ಎಂದರೆ ಅದೂ ಅವರ ಹಕ್ಕು.

ದುಡ್ಡಿನ ಮಾತನ್ನೂ ಮುಚ್ಚಿಡಬಾರದು. ಎಷ್ಟೋ ಹಿರಿಯರು "ವಯಸ್ಸಾತು" ಎಂದು ಹೇಳುವುದು ಮೊಮ್ಮಗಳ ಮದುವೆಗೆ ಇಟ್ಟ ಹಣ ಉಳಿಯಲಿ ಎಂದು. ಅದು ಇಲಾಜು ಬೇಡವೆಂಬ ಉತ್ತರವಲ್ಲ, ಸಾಲ ಬೇಡವೆಂಬ ಉತ್ತರ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಅದಕ್ಕೆ ಒಳಪಡದ ಬಸ್ಸಿನ ಖರ್ಚು, ಚೀಲಗಳ ಖರ್ಚು, ಊಟದ ಖರ್ಚಿಗೆ ಅರ್ಹರಿಗೆ ನಮ್ಮ ಜಕಾತ್ ನಿಧಿಯಿಂದ ಕೊಡಬಹುದೇ ಎಂದು ಆಡಳಿತ ಮಂಡಳಿಯವರು ಯೋಚಿಸಬೇಕೆಂದು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ.

ಕೊನೆಯದಾಗಿ ಕಾಗದದ ಕೆಲಸ. ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಹೇಳಬೇಕು ಎಂಬುದನ್ನು ಯಾವ ವಯಸ್ಕರೂ ಬರೆದಿಡಬಹುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಬೇಕು. ಮನಸ್ಸು ಬದಲಾದರೆ ಬದಲಿಸಲೂಬಹುದು. ಪ್ರತಿಯೊಂದನ್ನು ಮನೆಯ ಡಾಕ್ಟರಿಗೆ ಕೊಡಿ, ಇನ್ನೊಂದನ್ನು ನೀವು ಹೆಸರಿಸಿದವರ ಕೈಗೆ. ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರೂ ಪತ್ರಾಂಕಿತ ಅಧಿಕಾರಿಗಳೇ. ಬರೆಯಲು ಬಾರದ ಹಿರಿಯರಿಗೆ ಕನ್ನಡದಲ್ಲಿ ಬರೆದು, ಉರ್ದುವಿನಲ್ಲಿ ಓದಿ ಹೇಳಲು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನು ಕೂಡುತ್ತೇನೆ.