ಸಂಗೀತದಲ್ಲಿ ಓದುವುದೇನಿದೆ?

(ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಲ್ಲಿ ಪದವಿ ತರಗತಿಯ ವಿದ್ಯಾರ್ಥಿಗಳು ಹಾಗೂ ಪೋಷಕರ ಮುಂದೆ ಮಾಡಿದ ಭಾಷಣದ ಬರಹರೂಪ)



ಸಂಗೀತದಲ್ಲಿ ಎಂ.ಎ. ಮಾಡುತ್ತೇನೆಂದು ಹಳ್ಳಿಯ ಹುಡುಗಿಯೊಬ್ಬಳು ಹೇಳಿದರೆ ಮನೆಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಅದರಿಂದ ಹೊಟ್ಟೆ ತುಂಬುತ್ತದೆಯೇ ಎಂಬುದು ಮೊದಲನೆಯದು. ಹಾಡುವುದನ್ನು ಗುರುವಿನ ಎದುರು ಕುಳಿತು ಕಲಿಯಬೇಕು, ಅದರಲ್ಲಿ ಪುಸ್ತಕ ಹಿಡಿದು ಓದುವುದೇನಿದೆ ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ. ಎರಡನೆಯದಕ್ಕೆ ಉತ್ತರ ಹುಡುಕುವುದೇ ಈ ಹೊತ್ತಿನ ಮಾತಿನ ಉದ್ದೇಶ.

ಹೊರದೇಶಗಳ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸಂಗೀತದ ಸ್ನಾತಕೋತ್ತರ ವ್ಯಾಸಂಗವೆಂದರೆ ಗಾಯನ, ವಾದನ ಮಾತ್ರವಲ್ಲ. ಸಂಗೀತ ಸಂಶೋಧನೆ, ವಾದ್ಯವೃಂದದ ನಿರ್ದೇಶನ, ಕಂಪ್ಯೂಟರಿನಿಂದ ನಾದ ಹುಟ್ಟಿಸುವ ವಿದ್ಯೆ, ಇವು ಮೂರೂ ಅಲ್ಲಿ ಪ್ರತ್ಯೇಕ ಶಾಖೆಗಳಾಗಿ ಬೆಳೆದಿವೆ. ನಮ್ಮ ಸಂಗೀತ ವಿಭಾಗಗಳಲ್ಲಿ ಗಾಯನ, ವಾದನಗಳಿಗೆ ಸಿಕ್ಕ ಸ್ಥಾನ ಇವಕ್ಕೆ ಇನ್ನೂ ಸಿಕ್ಕಿಲ್ಲ. ಇವು ಪರದೇಶದ ಸರಕು ಎಂಬ ಭಾವನೆಯೂ ಅದಕ್ಕೆ ಒಂದು ಕಾರಣ. ಆದರೆ ಈ ಮೂರರ ಬೇರೂ ನಮ್ಮ ಸೀಮೆಯಲ್ಲೇ ಇದೆ.

ಸಂಶೋಧನೆಯಿಂದ ತೊಡಗೋಣ. ಹದಿನಾರನೆಯ ಶತಮಾನದಲ್ಲಿ ಪುಂಡರೀಕವಿಠಲ ಎಂಬ ಕನ್ನಡ ನಾಡಿನ ವಿದ್ವಾಂಸ ಉತ್ತರಕ್ಕೆ ಹೋದ. ಖಾಂದೇಶದ ಬುರ್ಹಾನ್ ಖಾನನ ಆಶ್ರಯದಲ್ಲಿ ‘ಸದ್ರಾಗಚಂದ್ರೋದಯ’ ಬರೆದ. ಮುಂದೆ ಅಂಬೇರಿನ ಅರಸು ಮನೆತನದ ಆಶ್ರಯದಲ್ಲಿ ‘ರಾಗಮಂಜರಿ’ಯನ್ನೂ ಅಕ್ಬರನ ಕಾಲದಲ್ಲಿಯೇ ‘ನರ್ತನನಿರ್ಣಯ’ವನ್ನೂ ರಚಿಸಿದ. ದಕ್ಷಿಣದ ಸಂಗೀತ ಬಲ್ಲ ಈತ ಉತ್ತರದ ರಾಗಗಳನ್ನು ಕೇಳಿ ವಿಂಗಡಿಸಿದ. ಪಾರಸಿ ರಾಗಗಳನ್ನು ನಮ್ಮ ರಾಗಗಳ ಪಕ್ಕದಲ್ಲಿಟ್ಟು ಹೋಲಿಸಿದ. ಇಂದು ವಿಶ್ವವಿದ್ಯಾಲಯಗಳು ತೌಲನಿಕ ಅಧ್ಯಯನ ಎಂದು ಕರೆಯುವುದು ಇದನ್ನೇ.

ಈತನ ಊರು ಸಾತನೂರು. ಹೆಸರು ಕೇಳಿದೊಡನೆ ನಿಮ್ಮ ಕಿವಿ ನೆಟ್ಟಗಾಯಿತು! ಕೋಡಿಹಳ್ಳಿ ಇರುವ ಕನಕಪುರ ತಾಲ್ಲೂಕಿನಲ್ಲೇ ಸಾತನೂರು ಹೋಬಳಿ ಇದೆಯಲ್ಲ. ಈತ ನಮ್ಮವನೇ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುವುದು ನನಗೆ ಕಷ್ಟವಲ್ಲ. ಆದರೆ ಆತ ಹೇಳಿಕೊಂಡಿರುವುದು ಶಿವಗಂಗೆ ಬೆಟ್ಟದ ಸಮೀಪದ ಸಾತನೂರು ಎಂದು. ಶಿವಗಂಗೆ ಇರುವುದು ಅತ್ತ ನೆಲಮಂಗಲದ ಕಡೆ. ಹೆಸರೊಂದು ಸಿಕ್ಕಿತೆಂದು ಹಿಗ್ಗದೆ, ಗ್ರಂಥ ಏನು ಹೇಳುತ್ತದೆ, ನೆಲ ಏನು ಹೇಳುತ್ತದೆ ಎಂದು ಎರಡನ್ನೂ ನೋಡಬೇಕು. ಸಂಶೋಧನೆಯ ಮೊದಲ ಪಾಠ ಇಷ್ಟೇ.

ಈ ಪುಂಡರೀಕನನ್ನು ನಮ್ಮ ಕಾಲದ ಓದುಗರಿಗೆ ತಲಪಿಸಿದವರಲ್ಲಿ ಪ್ರಮುಖರು ಮೈಸೂರಿನ ರಾ. ಸತ್ಯನಾರಾಯಣ. ಅವರು ವೃತ್ತಿಯಿಂದ ರಸಾಯನಶಾಸ್ತ್ರದ ಅಧ್ಯಾಪಕರು. ‘ನರ್ತನನಿರ್ಣಯ’ವನ್ನು ಮೂರು ಸಂಪುಟಗಳಲ್ಲಿ ಸಂಪಾದಿಸಿಕೊಟ್ಟರು. 2018ರಲ್ಲಿ ಪದ್ಮಶ್ರೀ ಬಂತು, 2020ರಲ್ಲಿ ತೀರಿಕೊಂಡರು. ವಿಜ್ಞಾನ ಓದಿದವರಿಗೆ ಸಂಗೀತದ ಸಂಶೋಧನೆಯ ಬಾಗಿಲು ಮುಚ್ಚಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸಂಶೋಧನೆ ತಾಳೆಗರಿಯಲ್ಲಿ ಮಾತ್ರ ಇಲ್ಲ. ಎಚ್.ಎಲ್. ನಾಗೇಗೌಡರು ಐ.ಎ.ಎಸ್. ಅಧಿಕಾರಿಯಾಗಿದ್ದವರು. 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದರು. ಒನಕೆ, ಬೀಸುಕಲ್ಲು, ವಾದ್ಯಗಳ ಜೊತೆಗೆ ಹಾಡುಗಾರರ ದನಿಯನ್ನೂ ಅಲ್ಲಿ ಕೂಡಿಡಲಾಗಿದೆ. ಬೀಸುವ ಪದದ ಲಯ ಕಲ್ಲಿನ ಸುತ್ತಿನಿಂದ ಬಂದದ್ದು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು, ಹಾಡಿಗೆ ಸಂದರ್ಭವೇ ಇಲ್ಲವಾಯಿತು. ಈಗ ಅದನ್ನು ಬಲ್ಲ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಗ್ರಂಥ ಐದು ನೂರು ವರ್ಷ ಕಾದೀತು, ಅಜ್ಜಿ ಕಾಯುವುದಿಲ್ಲ.

ಎರಡನೆಯದು ವೃಂದ ನಿರ್ದೇಶನ. ಕೈಯಲ್ಲಿ ಸಣ್ಣ ಕೋಲು ಹಿಡಿದು ನೂರು ವಾದ್ಯಗಳನ್ನು ಒಂದು ಮಾಡುವವರನ್ನು ನೀವು ಟಿ.ವಿ.ಯಲ್ಲಿ ನೋಡಿರುತ್ತೀರಿ. ನಮ್ಮಲ್ಲಿ ವೃಂದವೇ ಇರಲಿಲ್ಲ ಎಂದುಕೊಳ್ಳಬೇಡಿ. ಹದಿಮೂರನೆಯ ಶತಮಾನದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಉತ್ತಮ ವೃಂದದ ಲೆಕ್ಕವನ್ನೇ ಕೊಟ್ಟಿದ್ದಾನೆ. ಮುಖ್ಯ ಗಾಯಕರು 4, ಸಹಗಾಯಕರು 8, ಗಾಯಕಿಯರು 12, ಕೊಳಲಿನವರು 4, ಮೃದಂಗದವರು 4. ಒಟ್ಟು 32 ಮಂದಿ.

ಮೈಸೂರು ಅರಮನೆಯಲ್ಲಿ ಇದು ಹೊಸ ರೂಪ ಪಡೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಪಾಶ್ಚಾತ್ಯ ವಾದ್ಯವೃಂದವೂ ಇತ್ತು, ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡೂ ಇತ್ತು. ಜರ್ಮನಿಯ ಆಟೊ ಸ್ಮಿತ್ ಅರಮನೆಯ ವೃಂದವನ್ನು ನಡೆಸಿದರು. ವೀಣೆ ವೆಂಕಟಗಿರಿಯಪ್ಪನವರು ವೃಂದಕ್ಕೆಂದೇ ‘ನಗ್ಮಾ’ಗಳನ್ನು ರಚಿಸಿದರು. ಜಯಚಾಮರಾಜ ಒಡೆಯರಂತೂ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಲಂಡನ್ನಿನ ಸಂಗೀತ ಸಂಸ್ಥೆಗಳ ಮನ್ನಣೆ ಪಡೆದು, ಅಲ್ಲಿನ ಫಿಲ್ಹಾರ್ಮೋನಿಯಾ ವೃಂದಕ್ಕೂ ಬೆಂಬಲವಾಗಿ ನಿಂತವರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ, ಅಂದಿನ ನಿರ್ದೇಶಕ ಫುರ್ಟ್‌ವೆಂಗ್ಲರ್. ಅದರ ಖರ್ಚಿಗೆ ಹೊಣೆ ನಿಂತವರು ನಮ್ಮ ಮಹಾರಾಜರು! ಇಷ್ಟು ದೊಡ್ಡ ಪರಂಪರೆಯಲ್ಲಿ ಇಂದು ಕಣ್ಣಿಗೆ ಬೀಳುವುದು ದಸರೆಯಲ್ಲಿ ನುಡಿಸುವ ಪೊಲೀಸ್ ಬ್ಯಾಂಡ್ ಮಾತ್ರ. ಅರಮನೆಯ ಆಶ್ರಯ ಹೋದ ಮೇಲೆ ವಿಶ್ವವಿದ್ಯಾಲಯ ಆ ಹೊಣೆಯನ್ನು ಹೊರಬೇಕಿತ್ತು.

ಮೂರನೆಯದು ಕಂಪ್ಯೂಟರ್ ನಾದ. ನಾದವೆಂದರೆ ಗಾಳಿಯ ಕಂಪನ. ಆ ಕಂಪನದ ಏರಿಳಿತವನ್ನು ಕ್ಷಣಕ್ಷಣಕ್ಕೂ ಅಳೆದರೆ ಅಂಕಿಗಳ ಸಾಲು ಸಿಗುತ್ತದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಹೀಗೆ ಅಳೆದಿರುತ್ತಾರೆ. ಹಿಂದುಮುಂದಾಗಿ ಯೋಚಿಸಿದರೆ, ಅಂಕಿಗಳನ್ನು ನಾವೇ ಲೆಕ್ಕ ಹಾಕಿ ಕೊಟ್ಟರೆ ಯಾರೂ ನುಡಿಸದ ನಾದವೂ ಹುಟ್ಟಬೇಕು. 1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಅದನ್ನು ಮಾಡಿ ತೋರಿಸಿದರು.

ನಾದವನ್ನು ಲೆಕ್ಕಕ್ಕೆ ಒಡ್ಡುವ ಕೆಲಸ ಬೆಂಗಳೂರಿಗೆ ಹೊಸದಲ್ಲ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಭಾರತೀಯ ಚರ್ಮವಾದ್ಯಗಳ ಮೇಲೆ ಲೇಖನ ಬರೆದರು. ಸಾಮಾನ್ಯ ಡೋಲಿನ ಚರ್ಮದಿಂದ ಒಂದಕ್ಕೊಂದು ಹೊಂದದ ಕಂಪನಗಳು ಹೊರಡುತ್ತವೆ, ಆದುದರಿಂದ ಅದು ಸದ್ದು ಮಾತ್ರ. ಮೃದಂಗದ ನಡುವಿನ ಕಪ್ಪು ಕರಣೆಯ ಭಾರದಿಂದ ಅವೇ ಕಂಪನಗಳು ಸರಿಯಾದ ಅನುಪಾತಕ್ಕೆ ಬಂದು, ಶ್ರುತಿಗೆ ಸೇರುವ ನಾದವಾಗುತ್ತದೆ. ಕರಣೆ ಹಾಕುವ ಕುಶಲಕರ್ಮಿಗೆ ಕೈಯಿಂದ ತಿಳಿದಿದ್ದುದನ್ನು ರಾಮನ್ ಗಣಿತದಲ್ಲಿ ಹೇಳಿದರು. 1970ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸತೊಡಗಿದರು. ಇಂದು ಅಂಥದು ಇಲ್ಲದ ಕಛೇರಿ ಅಪರೂಪ.

ಇಲ್ಲಿ ಒಂದು ಅಪಾಯವೂ ಇದೆ. ಈಗ ರೆಕಾರ್ಡಿಂಗ್ ಮಾಡುವ ಕಡೆಯಲ್ಲೆಲ್ಲ ಸ್ವರ ತಿದ್ದುವ ತಂತ್ರಾಂಶ ಇರುತ್ತದೆ. ಅದರ ಅಳತೆಗೋಲು ಸಾಮಾನ್ಯವಾಗಿ ಪಿಯಾನೊದ ಹನ್ನೆರಡು ಮನೆಗಳು. ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ, ಓಲಾಡುವುದೇ ಅದರ ಗುಣ. ಆ ಯಂತ್ರದ ಮುಂದೆ ನಿಮ್ಮ ಅಜ್ಜಿ ಸೋಬಾನೆ ಹಾಡಿದರೆ, ಅಜ್ಜಿ ತಪ್ಪಿದರು ಎಂದು ಅದು ತೀರ್ಪು ಕೊಟ್ಟು ತಿದ್ದಿಯೂ ಬಿಡುತ್ತದೆ. ತಪ್ಪಿದ್ದು ಅಜ್ಜಿಯಲ್ಲ, ಅಳತೆಗೋಲು. 2011ರಿಂದ 2017ರವರೆಗೆ ಸ್ಪೇನಿನ ಬಾರ್ಸಿಲೋನಾದ ವಿಶ್ವವಿದ್ಯಾಲಯವೊಂದು ಕರ್ನಾಟಕ, ಹಿಂದೂಸ್ತಾನಿ ಸಂಗೀತಗಳನ್ನು ಅವುಗಳದೇ ನಿಯಮದಲ್ಲಿ ಕಂಪ್ಯೂಟರಿಗೆ ತಿಳಿಸುವ ಸಂಶೋಧನೆ ನಡೆಸಿತು. ಮದ್ರಾಸಿನ ಐ.ಐ.ಟಿ. ಅದರಲ್ಲಿ ಪಾಲುಗೊಂಡಿತ್ತು. ನಮ್ಮ ಬೀಸುವ ಪದಕ್ಕೆ ಅಂಥ ಅಳತೆಗೋಲನ್ನು ಬಾರ್ಸಿಲೋನಾದವರು ಬಂದು ಮಾಡಿಕೊಡಲಾರರು. ಹಾಡೂ ಗೊತ್ತಿದ್ದು, ಲೆಕ್ಕವೂ ಗೊತ್ತಿದ್ದವರು ಮಾಡಬೇಕು. ಅಂಥವರು ಇಲ್ಲಿಂದಲೇ ಹೊರಡಬೇಕು.

ಇನ್ನು ಹೊಟ್ಟೆಯ ಪ್ರಶ್ನೆ. ಸುಳ್ಳು ಭರವಸೆ ಕೊಡಲಾರೆ. ಸಂಗೀತದ ಹುದ್ದೆಗಳು ಕಡಿಮೆ. ಆದರೆ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಹುಟ್ಟಿದ ಜಾನಪದ ವಿಶ್ವವಿದ್ಯಾಲಯವಿದೆ. ಕಾಲೇಜು ಅಧ್ಯಾಪಕರಾಗಲು ಬರೆಯುವ ಯು.ಜಿ.ಸಿ.ಯ ನೆಟ್ ಪರೀಕ್ಷೆಯಲ್ಲಿ ಸಂಗೀತವೂ ಒಂದು ವಿಷಯ. ಹಾಡಿನ ಜೊತೆಗೆ ಧ್ವನಿಮುದ್ರಣವನ್ನೋ ಕಂಪ್ಯೂಟರನ್ನೋ ಕಲಿತವರಿಗೆ ದಾರಿ ಇನ್ನಷ್ಟು ಅಗಲ. ಪೋಷಕರು ಇದನ್ನು ತೂಗಿ ನೋಡಲಿ, ಕೇಳಿದೊಡನೆ ಬೇಡವೆನ್ನದಿರಲಿ.

ಅಲ್ಲಿಯವರೆಗೆ ಒಂದು ಕೆಲಸಕ್ಕೆ ಯಾವ ಪದವಿಯೂ ಬೇಡ. ನಿಮ್ಮ ಕೈಯಲ್ಲಿ ಫೋನಿದೆ. ಈ ಭಾನುವಾರ ಅಜ್ಜಿಯ ಬಳಿ ಕುಳಿತು ಒಂದು ಪದ ಹಾಡಿಸಿ ಮುದ್ರಿಸಿಕೊಳ್ಳಿ. ಹಾಡಿದವರ ಹೆಸರು, ತವರೂರು, ಯಾರಿಂದ ಕಲಿತರು, ಯಾವ ಸಂದರ್ಭದಲ್ಲಿ ಹಾಡುತ್ತಿದ್ದರು, ಈ ನಾಲ್ಕನ್ನೂ ಬರೆದಿಡಿ. ಮುಂದೆ ಎಂ.ಎ. ಮಾಡುವುದೋ ಬಿಡುವುದೋ ನಿಮ್ಮಿಷ್ಟ. ಮೊದಲ ಪಾಠ ಮಾತ್ರ ಆಗಿಹೋಗಿರುತ್ತದೆ.