ನಗೆಟ್ಟಿನ ಒಳಗೆ ಏನಿದೆ?



ಪೇಟೆಗೆ ಹೋದ ಮಕ್ಕಳು ಈಚೆಗೆ ಚಿಕನ್ ನಗೆಟ್ ಬೇಕೆಂದು ಹಟ ಹಿಡಿಯುತ್ತವೆ. ಅದು ಕೋಳಿಯ ಇಡೀ ತುಂಡೇ ಅಂತ ತಿಳಿಯಬೇಡಿ. ಅರೆದ ಬಾಡಿಗೆ ಉಪ್ಪು, ನೀರು, ಹಿಟ್ಟು ಕೂಡಿಸಿ, ಅಚ್ಚು ಒತ್ತಿ, ಮೇಲೆ ಬ್ರೆಡ್ಡಿನ ಪುಡಿ ಹಚ್ಚಿ ಕರಿದದ್ದು. ಉಪ್ಪು ಹಾಕಿ ನಾದಿದರೆ ಬಾಡಿನ ಸಾರ ಹೊರಬಂದು ಅಂಟಿನ ಹಾಗೆ ಹಿಡಿಯುತ್ತದೆ. 1960ರ ದಶಕದಲ್ಲಿ ಇದಕ್ಕೆ ದಾರಿ ಮಾಡಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ರಾಬರ್ಟ್ ಬೇಕರ್. ಕೋಳಿ ಸಾಕುವವರಿಗೆ ನೆರವಾಗಲೆಂದು ಮಾಡಿದರು, ಪೇಟೆಂಟನ್ನೂ ಪಡೆಯಲಿಲ್ಲ. ಅವರದೇನೂ ತಪ್ಪಿಲ್ಲ.

2013ರಲ್ಲಿ ಅಲ್ಲಿನ ಮಿಸಿಸಿಪ್ಪಿ ಪ್ರಾಂತ್ಯದ ವೈದ್ಯರು ಎರಡು ಅಂಗಡಿಗಳಿಂದ ನಗೆಟ್ ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಂದರಲ್ಲಿ ಬಾಡು ಅರ್ಧದಷ್ಟು, ಇನ್ನೊಂದರಲ್ಲಿ ನೂರಕ್ಕೆ 40 ಪಾಲು. ಮಿಕ್ಕದ್ದು ಕೊಬ್ಬು, ರಕ್ತನಾಳ, ನರ, ಎಲುಬಿನ ಚೂರು! ಎರಡೇ ನೋಡಿ ಎಲ್ಲವೂ ಹೀಗೇ ಅನ್ನಲಾಗದು ಅನ್ನಿ. ವಿಷವೂ ಅಲ್ಲ. ಆದರೆ ಬಾಡಿಗೆಂದು ಕೊಟ್ಟ ದುಡ್ಡು ಕೊಬ್ಬಿಗೆ ಹೋಯಿತಲ್ಲ?

ಪೊಟ್ಟಣ ಕೊಂಡರೆ ಅದರ ಮೇಲಿನ ಪಟ್ಟಿಯನ್ನು ಓದುವ ಮಕ್ಕಳಿಂದ ಓದಿಸಿ. ತೂಕದಲ್ಲಿ ಯಾವುದು ಹೆಚ್ಚೋ ಅದರ ಹೆಸರು ಮೊದಲು ಇರಬೇಕು.

ಮನೆಯಲ್ಲೇ ಆಗದೆ? ಎದೆಯ ಬಾಡನ್ನು ಸಣ್ಣಗೆ ಕೊಚ್ಚಿ, ಉಪ್ಪು ಮೆಣಸು ಹಾಕಿ ನಾದಿ, ಮೊಟ್ಟೆಯಲ್ಲಿ ಅದ್ದಿ, ರವೆಯಲ್ಲಿ ಹೊರಳಿಸಿ, ಒಳಗೂ ಬೇಯುವಂತೆ ಕರಿಯಿರಿ. ನಮ್ಮ ಮನೆಯಲ್ಲಿ ಮಾಡಿದಾಗ ಆಕಾರ ಸೊಟ್ಟಗಿತ್ತು. ಹುಡುಗ ತಟ್ಟೆ ಬಿಟ್ಟೇಳಲಿಲ್ಲ.