ನೆಲೆಯಿಲ್ಲದವರ ಗುಡಿಸಲೂ ನೆಲದ ಕಾನೂನೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಕತ್ತಲಗೆರೆಯಲ್ಲಿ ನೆರೆದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಇಂತಹ ಉತ್ಸವಕಾಲದಲ್ಲಿ ಶಾಸ್ತ್ರಾರ್ಥವನ್ನೋ ಪುರಾತನರ ಚರಿತ್ರೆಯನ್ನೋ ಹೇಳುವುದು ವಾಡಿಕೆ. ಮನೆಯಿಲ್ಲದವರ ಮಾತಿಗೂ ಮಠದ ಉತ್ಸವಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವುಂಟು. ನಮ್ಮಲ್ಲಿ ಜಂಗಮನು ಒಂದೆಡೆ ನೆಲೆನಿಲ್ಲದೆ ಸಂಚರಿಸುವನು. ಅದು ಅವನು ತಾನಾಗಿ ಕೈಕೊಂಡ ವ್ರತ. ಅವನು ಬಂದಾಗ ಬಾಗಿಲು ತೆರೆಯುವುದು ಭಕ್ತನ ಧರ್ಮ. ಆದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಎಲ್ಲಿ ಮಲಗಿದರೂ “ಏಳು, ಮುಂದಕ್ಕೆ ಹೋಗು” ಎನ್ನಿಸಿಕೊಳ್ಳುವವನ ಅಲೆದಾಟವು ವ್ರತವಲ್ಲ, ವಿಪತ್ತು. ಹೊರಗಿನಿಂದ ನೋಡುವವರಿಗೆ ಇಬ್ಬರೂ ಮನೆಯಿಲ್ಲದವರೇ. ಒಬ್ಬನಿಗೆ ಪಾದಪೂಜೆಮಾಡಿ ಇನ್ನೊಬ್ಬನ ಗುಡಿಸಲನ್ನು ಕೀಳಿಸುವ ನಾವು, ಆ ಎರಡು ಕೆಲಸಗಳನ್ನೂ ಒಂದೇ ಮನಸ್ಸಿನಿಂದ ಹೇಗೆ ಮಾಡುತ್ತೇವೆಂಬುದು ವಿಚಾರಾರ್ಹವಾದ ವಿಷಯ.

ಪಾಠಶಾಲೆಯಲ್ಲಿ ಓದಿದವರು ಯಾವುದನ್ನು ವಿಚಾರಿಸುವಾಗಲೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನವೆಂಬ ಕ್ರಮವನ್ನು ಅನುಸರಿಸುವರು. ಅದನ್ನೇ ಇಲ್ಲಿಯೂ ಅನುಸರಿಸುವೆನು.

ಮೊದಲು ವಿಷಯ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ಸೀಮೆಗಳನ್ನು ಕಂಡವರಿಗೆ ನಾನು ವರ್ಣಿಸಬೇಕಾದದ್ದಿಲ್ಲ. ಭದ್ರಾ ನಾಲೆಯ ನೀರು ಹರಿದ ಕಡೆ ಭತ್ತ, ಅಡಿಕೆ. ಹರಿಯದ ಕಡೆ ಬೆದ್ದಲು, ಮಳೆಯ ದಾರಿ ಕಾಯುವ ಬದುಕು. ನಾಟಿಗೆ, ಕೊಯ್ಲಿಗೆ, ಅಡಿಕೆಯ ಸುಲಿತಕ್ಕೆ ಪರಸ್ಥಳದಿಂದ ಕೂಲಿಯವರು ಬರುವರು. ನಮ್ಮ ತಾಂಡಗಳಿಂದ ಕಬ್ಬು ಕಡಿಯುವುದಕ್ಕೂ ಕಾಫಿಯ ತೋಟಗಳಿಗೂ ಸಂಸಾರಸಮೇತರಾಗಿ ಜನರು ಹೋಗುವರು. ಬಂದವರು ನಾಲೆಯ ದಂಡೆಯ ಮೇಲೆಯೋ ರಸ್ತೆಯ ಬದಿಯಲ್ಲಿಯೋ ಗೋಮಾಳದ ಅಂಚಿನಲ್ಲಿಯೋ ನಾಲ್ಕು ಗಳುಗಳನ್ನು ನೆಟ್ಟು, ಮೇಲೆ ತಾಡಪಾಲನ್ನು ಹೊದಿಸಿ, ಮೂರು ಕಲ್ಲುಗಳ ಒಲೆ ಹೂಡುವರು. ಕೆಲವರು ಸುಗ್ಗಿ ತೀರಿದ ಮೇಲೆ ಹೋಗುವರು. ಹೋಗುವುದಕ್ಕೆ ಊರಿಲ್ಲದವರು ಅಲ್ಲಿಯೇ ಉಳಿಯುವರು.

ಇವರಿಗಿಂತಲೂ ನಿರ್ಗತಿಕರಾದವರುಂಟು. 2011ನೆಯ ಇಸವಿಯ ಜನಗಣತಿಯಲ್ಲಿ ಫೆಬ್ರವರಿ 28ನೆಯ ತಾರೀಖಿನ ರಾತ್ರಿ, ಸೂರಿನ ಕೆಳಗಿಲ್ಲದವರನ್ನು ಪ್ರತ್ಯೇಕವಾಗಿ ಎಣಿಸಿದರು. ರಸ್ತೆಯ ಬದಿ, ಸಿಮೆಂಟಿನ ಕೊಳವೆ, ಮೇಲ್ಸೇತುವೆಯ ಅಡಿ, ರೈಲು ನಿಲ್ದಾಣ, ದೇವಸ್ಥಾನ, ಮಂಟಪ ಇವುಗಳಲ್ಲಿ ಮಲಗಿದವರೇ ಆ ಲೆಕ್ಕದವರು. ದೇಶದಲ್ಲಿ ಅಂಥವರು ಸುಮಾರು 17.7 ಲಕ್ಷ, ನಮ್ಮ ರಾಜ್ಯದಲ್ಲಿ 76 ಸಾವಿರಕ್ಕೂ ಮಿಗಿಲು. ದೇವಸ್ಥಾನವೂ ಮಂಟಪವೂ ಆ ಪಟ್ಟಿಯಲ್ಲಿ ಇರುವುದನ್ನು ಸದ್ಭಕ್ತರು ಲಕ್ಷಿಸಬೇಕು. ಊರೆಲ್ಲ ಬಾಗಿಲು ಮುಚ್ಚಿದ ಮೇಲೆ ಬಡವನಿಗೆ ಉಳಿಯುವುದು ದೇವರ ಜಗಲಿಯೇ ಎಂಬುದಕ್ಕೆ ಸರಕಾರದ ಲೆಕ್ಕವೇ ಸಾಕ್ಷಿ.

ಇನ್ನು ಲಂಬಾಣಿಗಳ ಸಂಗತಿ. ಅವರು ಪೂಜಿಸುವ ಸಂತ ಸೇವಾಲಾಲರ ಕ್ಷೇತ್ರವಾದ ಸೂರಗೊಂಡನಕೊಪ್ಪವು ಇದೇ ನ್ಯಾಮತಿಯ ಸೀಮೆಯಲ್ಲಿದೆ. ಪೂರ್ವದಲ್ಲಿ ಅವರು ಎತ್ತುಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗಿಸುತ್ತಿದ್ದವರು. ರೈಲೂ ರಸ್ತೆಯೂ ಬಂದಮೇಲೆ ಆ ಕಾಯಕವು ಕೈತಪ್ಪಿತು. ಅಲೆದಾಡುವ ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗಣಿಸುವ ಕಾಯಿದೆಯನ್ನು ಬ್ರಿಟಿಷರು 1871ರಲ್ಲಿ ಮಾಡಿದರು. ಅದು ರದ್ದಾದದ್ದು 1952ರಲ್ಲಿ. ಎತ್ತು ಇಳಿಸಿದ ಕಡೆಯಲ್ಲಿಯೇ ತಾಂಡ ಬೆಳೆಯಿತು. ಆ ನೆಲವು ಸರಕಾರದ್ದೋ ಅರಣ್ಯದ್ದೋ ಪಟೇಲರದ್ದೋ ಆಗಿತ್ತು. ಮೂರು ತಲೆಮಾರು ಬಾಳಿದರೂ ಎಷ್ಟೋ ತಾಂಡಗಳ ಹೆಸರು ಕಂದಾಯದ ಪುಸ್ತಕದಲ್ಲಿ ಇರಲಿಲ್ಲ.

ಎರಡನೆಯದು ಸಂಶಯ. ಸಾರ್ವಜನಿಕ ಭೂಮಿಯು ಎಲ್ಲರದಷ್ಟೆ. ಎಲ್ಲರದಾದ ಭೂಮಿಯಲ್ಲಿ ಒಬ್ಬನು ಗುಡಿಸಲು ಹಾಕಿದರೆ ಅವನು ಎಲ್ಲರದನ್ನು ಅಪಹರಿಸಿದಂತೆಯೋ, ಅಥವಾ ಎಲ್ಲರಲ್ಲಿ ತಾನೂ ಒಬ್ಬನಾದುದರಿಂದ ತಲೆಯಿಡುವಷ್ಟು ಎಡೆಯನ್ನು ಪಡೆದಂತೆಯೋ?

ಮೂರನೆಯದು ಪೂರ್ವಪಕ್ಷ. ಇದನ್ನು ಲಘುವಾಗಿ ಎಣಿಸಬಾರದು. ಈ ಊರಿನ ಹೆಸರಿನಲ್ಲಿಯೇ ಕೆರೆಯಿದೆ. ಕೆರೆಯ ಅಂಗಳವನ್ನು ತುಂಬಿಸಿದರೆ ನೀರಿಗೆ ಎಡೆಯಿಲ್ಲ. ನೀರಿಲ್ಲದಿದ್ದರೆ ಗುಡಿಸಲಿನವನಿಗೂ ಬದುಕಿಲ್ಲ. ಗೋಮಾಳಕ್ಕೂ ಲೆಕ್ಕವುಂಟು, ನೂರು ದನಗಳಿಗೆ ಮೂವತ್ತು ಎಕರೆ ಬಿಡತಕ್ಕದ್ದೆಂದು ನಮ್ಮ ಭೂಕಂದಾಯದ ನಿಯಮವು ಹೇಳುತ್ತದೆ. ಪಂಜಾಬಿನ ಒಂದು ಹಳ್ಳಿಯ ಕೊಳವನ್ನು ಮಣ್ಣಿನಿಂದ ತುಂಬಿ ಮನೆಗಳನ್ನು ಕಟ್ಟಿದವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2011ನೆಯ ಜನವರಿ 28ರಂದು ಕಟುವಾದ ತೀರ್ಪನ್ನಿತ್ತಿತು. ಜಗಪಾಲ್ ಸಿಂಗ್ ಮೊಕದ್ದಮೆಯೆಂದು ಅದು ಪ್ರಸಿದ್ಧ. ಗ್ರಾಮದ ಸಾಮುದಾಯಿಕ ಭೂಮಿಯನ್ನು ಆಕ್ರಮಿಸಿದವರನ್ನು ತೆರವುಗೊಳಿಸಬೇಕೆಂದು ಎಲ್ಲ ರಾಜ್ಯಗಳಿಗೂ ಆಜ್ಞೆಯಾಯಿತು. ನಮ್ಮ ರಾಜ್ಯದಲ್ಲಿಯೂ 2011ರ ಭೂಕಬಳಿಕೆ ನಿಷೇಧದ ಕಾಯಿದೆಯು ಜಾರಿಯಲ್ಲಿದೆ. ಆದುದರಿಂದ ಗುಡಿಸಲನ್ನು ಕೀಳಬೇಕೆನ್ನುವವನೆಲ್ಲ ನಿರ್ದಯನೆಂದು ಹೇಳಲಾಗದು. ಅವನು ಕೆರೆಯ ಪರವಾಗಿ, ದನಗಳ ಪರವಾಗಿ, ಮುಂದೆ ಹುಟ್ಟುವವರ ಪರವಾಗಿ ಮಾತಾಡುತ್ತಿರಬಹುದು.

ಆದರೆ ಅದೇ ಜಗಪಾಲ್ ಸಿಂಗ್ ತೀರ್ಪು ಒಂದು ಅಪವಾದವನ್ನೂ ಹೇಳಿದೆ. ಭೂಮಿಯಿಲ್ಲದ ಕೂಲಿಯವರಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ ಸರಕಾರವು ಕೊಟ್ಟದ್ದಿದ್ದರೆ, ಅಥವಾ ಅಲ್ಲಿ ಶಾಲೆ ಆಸ್ಪತ್ರೆಗಳಿದ್ದರೆ, ಆಗ ಸಕ್ರಮಗೊಳಿಸಬಹುದೆಂದಿದೆ. ಪೂರ್ವಪಕ್ಷದ ಪ್ರಮಾಣವಾಕ್ಯದಲ್ಲಿಯೇ ಸಿದ್ಧಾಂತದ ಬೀಜವಿರುವುದು ಹೀಗೆ.

ಇನ್ನು ಸಿದ್ಧಾಂತ. 1981ರಲ್ಲಿ ಮುಂಬಯಿಯ ಕಾಲುದಾರಿಗಳ ಮೇಲೆ ಜೋಪಡಿ ಹಾಕಿಕೊಂಡಿದ್ದವರನ್ನು ಮಳೆಗಾಲದಲ್ಲಿಯೇ ತೆರವುಗೊಳಿಸಿ ಅವರವರ ಊರುಗಳಿಗೆ ಅಟ್ಟಲು ಅಲ್ಲಿನ ಸರಕಾರವು ತೊಡಗಿತು. ಓಲ್ಗಾ ಟೆಲಿಸ್ ಎಂಬ ಪತ್ರಿಕಾಕರ್ತೆಯೂ ಆ ನಿವಾಸಿಗಳೂ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಐವರು ನ್ಯಾಯಾಧೀಶರ ಪೀಠವು 1985ನೆಯ ಜುಲೈ 10ರಂದು ತೀರ್ಪಿತ್ತಿತು. ಅದರ ಸಾರವೇನೆಂದರೆ: ಸಂವಿಧಾನವು ಜೀವಿಸುವ ಹಕ್ಕನ್ನು ಕೊಟ್ಟಿದೆ, ಜೀವನೋಪಾಯವಿಲ್ಲದೆ ಜೀವವಿಲ್ಲ, ಕೂಲಿ ಸಿಗುವ ಕಡೆಯಲ್ಲಿ ಮಲಗುವ ಎಡೆಯನ್ನು ಕಿತ್ತರೆ ಜೀವನೋಪಾಯವನ್ನೇ ಕಿತ್ತಂತಾಯಿತು. ಆದರೂ ಕಾಲುದಾರಿಯು ನಡೆಯುವವರಿಗಾಗಿ ಇರತಕ್ಕದ್ದು. ಅದರ ಮೇಲೆ ಮನೆ ಕಟ್ಟುವ ಹಕ್ಕು ಯಾರಿಗೂ ಇಲ್ಲ. ಆದಕಾರಣ ತೆರವು ಮಾಡಬಹುದು. ಆದರೆ ತಿಳಿವಳಿಕೆಯ ಪತ್ರವನ್ನು ಕೊಟ್ಟು, ಅವರ ಮಾತನ್ನು ಕೇಳಿ, ನ್ಯಾಯವಾದ ರೀತಿಯಲ್ಲಿ ಮಾಡತಕ್ಕದ್ದು. ಮಳೆ ನಿಂತು ಒಂದು ತಿಂಗಳಾಗುವವರೆಗೆ, ಎಂದರೆ ಆ ವರ್ಷದ ಅಕ್ಟೋಬರ್ 31ರವರೆಗೆ, ತೆರವು ಕೂಡದೆಂದೂ ಕೋರ್ಟು ವಿಧಿಸಿತು. ಇದು ಗುಡಿಸಲಿನವನಿಗೆ ಪೂರ್ಣ ಜಯವಲ್ಲ. ಆದರೆ ಅವನು ಕಸವಲ್ಲ, ಕೇಳಿಸಿಕೊಳ್ಳಬೇಕಾದ ಮನುಷ್ಯನೆಂಬುದು ಅಂದು ನಮ್ಮ ದೇಶದ ಕಾನೂನಾಯಿತು.

ಇದರ ಬೆಲೆಯು ಹೊರದೇಶದ ಉದಾಹರಣೆಯಿಂದ ಸ್ಪಷ್ಟವಾಗುವುದು. ಐಶ್ವರ್ಯಕ್ಕೆ ಹೆಸರಾದ ಅಮೆರಿಕದ ಆರೆಗನ್ ಸಂಸ್ಥಾನದಲ್ಲಿ ಗ್ರಾಂಟ್ಸ್ ಪಾಸ್ ಎಂಬ ಪಟ್ಟಣವಿದೆ. ಅಲ್ಲಿ ಸಾರ್ವಜನಿಕ ಸ್ಥಳದಲ್ಲಿ ಹೊದಿಕೆ ಹಾಸಿ ಬೀಡುಬಿಟ್ಟವರಿಗೆ ದಂಡ ವಿಧಿಸುತ್ತಿದ್ದರು. ತಂಗಲು ಬೇರೆ ಎಡೆಯಿಲ್ಲದವನನ್ನು ಹೀಗೆ ದಂಡಿಸುವುದು ಕ್ರೂರವಲ್ಲವೇ ಎಂಬ ಪ್ರಶ್ನೆ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಗಲು, 2024ನೆಯ ಜೂನ್ 28ರಂದು ಆರು ಮಂದಿ ನ್ಯಾಯಾಧೀಶರು ಅದು ಸಂವಿಧಾನಬಾಹಿರವಲ್ಲವೆಂದೂ ಮೂವರು ಹೌದೆಂದೂ ಹೇಳಿದರು. ಆರರ ಮಾತೇ ನಿಂತಿತು.

ಹಾಗೆಂದು ನಾವು ಹೆಮ್ಮೆಪಡುವಂತೆಯೂ ಇಲ್ಲ. 2020ನೆಯ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಯವರ ತಗಡಿನ ಗುಡಿಸಲುಗಳನ್ನು ಪರದೇಶಿಯರದೆಂಬ ಆಪಾದನೆಯಿಂದ ಕೆಡವಿದರು. ಅವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ರಾಜ್ಯದ ಹೈಕೋರ್ಟು ಮಧ್ಯೆ ಪ್ರವೇಶಿಸಿ ತಡೆಯಬೇಕಾಯಿತು. ಮತ್ತು 2024ನೆಯ ನವೆಂಬರ್ 13ರಂದು ಸುಪ್ರೀಂ ಕೋರ್ಟು ಹದಿನೈದು ದಿನಗಳ ತಿಳಿವಳಿಕೆಯಿಲ್ಲದೆ ಯಾರ ಮನೆಯನ್ನೂ ಕೆಡವಬಾರದೆಂದು ವಿಧಿಸಿತಾದರೂ, ರಸ್ತೆ, ಕಾಲುದಾರಿ, ರೈಲುಹಳಿಯ ಬದಿ, ನದಿ, ಜಲಾಶಯ ಇವುಗಳಲ್ಲಿರುವ ಅನಧಿಕೃತ ಕಟ್ಟಡಗಳಿಗೆ ಆ ವಿಧಿ ಅನ್ವಯಿಸದೆಂದೂ ಹೇಳಿತು. ಬೇರೆಲ್ಲಿಯೂ ಎಡೆ ಸಿಗದವನು ಗುಡಿಸಲು ಹಾಕುವುದು ಬಹುಮಟ್ಟಿಗೆ ಇಂಥ ಜಾಗಗಳಲ್ಲಿಯೇ. ಹೀಗಾಗಿ ಅತ್ಯಂತ ಬಡವನಿಗೆ ಈ ಹೊಸ ರಕ್ಷೆಯು ದೊರೆಯದೆ, 1985ರ ಹಳೆಯ ಮಾತೇ ಆಧಾರವಾಗಿ ಉಳಿಯಿತು.

ಇಲ್ಲಿ ಭೂಹಿಡುವಳಿದಾರರಾದ ಸದ್ಭಕ್ತರಲ್ಲಿ ಒಂದು ಮಾತನ್ನು ವಿನಯದಿಂದ ವಿಜ್ಞಾಪಿಸಿಕೊಳ್ಳಬೇಕಾಗಿದೆ. ಬಗರ್ ಹುಕುಂ ಎಂಬ ಶಬ್ದವನ್ನು ಅರಿಯದವರು ಈ ಸಭೆಯಲ್ಲಿಲ್ಲ. ಅಪ್ಪಣೆಯಿಲ್ಲದೆ ಎಂದೇ ಅದರ ಅರ್ಥ. ಸರಕಾರದ ನೆಲವನ್ನು ಅಪ್ಪಣೆಯಿಲ್ಲದೆ ಉತ್ತವನಿಗೆ ಅದನ್ನು ಸಕ್ರಮಗೊಳಿಸಿಕೊಡಲು ಕಾನೂನು ದಾರಿ ಮಾಡಿತು. ನಮೂನೆ 50, ನಮೂನೆ 53, ನಮೂನೆ 57 ಎಂದು ಮೂರು ಬಾರಿ ಅರ್ಜಿಗಳನ್ನು ಕರೆದರು. ಹೊಟ್ಟೆಗಾಗಿ ಉತ್ತವನಿಗೆ ಅದು ನ್ಯಾಯವೇ. ಆದರೆ ಗೋಮಾಳದೊಳಕ್ಕೆ ಬೇಲಿಯನ್ನು ಸರಿಸಿ ಅಡಿಕೆಯ ಸಸಿಗಳನ್ನು ನೆಟ್ಟವನು ಸಕ್ರಮದ ಅರ್ಜಿಯನ್ನು ಕೈಯಲ್ಲಿ ಹಿಡಿದುಕೊಂಡೇ, ಅದೇ ಗೋಮಾಳದಲ್ಲಿ ಹತ್ತಡಿಯ ತಾಡಪಾಲು ಹಾಕಿದವನನ್ನು ಒತ್ತುವರಿದಾರನೆಂದು ಕರೆಯುವುದು ಯಾವ ನ್ಯಾಯ? ಒಂದೇ ಅಳತೆಗೋಲಿನಿಂದ ಎರಡನ್ನೂ ಅಳೆಯಬೇಕು.

ಮನೆಯ ವಿಷಯದಲ್ಲಿಯೂ ಕಾನೂನು ಬಾಗಿಲನ್ನು ಪೂರ್ಣವಾಗಿ ಮುಚ್ಚಿಲ್ಲ. ಸರಕಾರದ ನೆಲದಲ್ಲಿ ಗೊತ್ತುಪಡಿಸಿದ ದಿನಾಂಕಕ್ಕೆ ಮುಂಚೆ ಕಟ್ಟಿಕೊಂಡ ವಾಸದ ಮನೆಯನ್ನು ಸಕ್ರಮಗೊಳಿಸಲು 1964ರ ಭೂಕಂದಾಯದ ಕಾಯಿದೆಯಲ್ಲಿ 94-ಸಿ ಎಂಬ ಕಲಮು ಸೇರಿತು. ಪರರ ಜಮೀನಿನಲ್ಲಿ, ದಾಖಲೆಯಿಲ್ಲದ ತಾಂಡ, ಹಟ್ಟಿ, ಹಾಡಿಗಳಲ್ಲಿ ವಾಸಿಸುವ ಕೃಷಿಕಾರ್ಮಿಕನಿಗೆ ಅವನ ಮನೆಯ ನೆಲವನ್ನು ಕೊಡಲು ಭೂಸುಧಾರಣೆಯ ಕಾಯಿದೆಯು 2017ರಲ್ಲಿ ತಿದ್ದುಪಡಿ ಹೊಂದಿತು. 2023ನೆಯ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಮಿಕ್ಕ ಸಂಸಾರಗಳಿಗೆ ಹಕ್ಕುಪತ್ರಗಳು ದೊರೆತವು. ಆ ಜಿಲ್ಲೆಗಳಲ್ಲಿ ಸುಮಾರು 1475 ಜನವಸತಿಗಳು ಕಂದಾಯ ಗ್ರಾಮಗಳಾದವು. 2025ನೆಯ ಮೇ 20ರಂದು ಹೊಸಪೇಟೆಯಲ್ಲಿ 1,11,111 ಹಕ್ಕುಪತ್ರಗಳ ವಿತರಣೆಯಾಯಿತು. ಎರಡು ಬೇರೆ ಬೇರೆ ಪಕ್ಷಗಳ ಸರಕಾರಗಳು ಒಂದೇ ಕೆಲಸವನ್ನು ಮಾಡಿದವೆಂಬುದರಿಂದ ಆ ಕೆಲಸದ ನ್ಯಾಯವು ಸಿದ್ಧವಾಗುವುದು.

ಹಾಗಾದರೆ ಉಳಿದ ತೊಡಕು ಯಾವುದು? ಕಾಗದದ ತೊಡಕು. ಇಂಥ ದಿನಾಂಕಕ್ಕೆ ಮುಂಚಿನಿಂದ ಇಲ್ಲಿದ್ದೇನೆಂದು ತೋರಿಸಲು ಪಡಿತರ ಚೀಟಿಯೋ ವಿದ್ಯುತ್ತಿನ ರಸೀತಿಯೋ ಬೇಕು. ವಿಳಾಸವಿಲ್ಲದವನಿಗೆ ಚೀಟಿ ಸಿಗುವುದು ಕಷ್ಟ. ಚೀಟಿಯಿಲ್ಲದವನಿಗೆ ವಿಳಾಸ ಸಿಗುವುದು ಕಷ್ಟ. ನಮ್ಮ ಪಾಠಶಾಲೆಯ ಭಾಷೆಯಲ್ಲಿ ಇದು ಅನ್ಯೋನ್ಯಾಶ್ರಯವೆಂಬ ದೋಷ. ಮನೆ ಕಟ್ಟಲು ಹಣ ಕೊಡುವ ಯೋಜನೆಗಳಲ್ಲಿಯೂ ಇದೇ ತೊಡಕು. ಬಸವಣ್ಣನವರ ಹೆಸರಿನ ವಸತಿ ಯೋಜನೆಯಾಗಲಿ, 2016ರಲ್ಲಿ ಆರಂಭವಾದ ಕೇಂದ್ರದ ಗ್ರಾಮೀಣ ಆವಾಸ ಯೋಜನೆಯಾಗಲಿ, ನಿವೇಶನವುಳ್ಳವನಿಗೆ ಸುಲಭ. ಕಾಲಿಡಲು ನೆಲವೇ ಇಲ್ಲದವನಿಗೆ ದುರ್ಲಭ. ಗೋಡೆಗೆ ಹಣವುಂಟು, ಗೋಡೆ ನಿಲ್ಲುವ ನೆಲವಿಲ್ಲ.

ಆದುದರಿಂದ ನಿರ್ಣಯವಿದು: ಕೆರೆಯೂ ಗೋಮಾಳವೂ ಉಳಿಯತಕ್ಕದ್ದು, ಆದರೆ ಬೇರೆ ನೆಲೆಯನ್ನು ತೋರಿಸದೆ ಗುಡಿಸಲನ್ನು ಕೀಳುವುದು ಧರ್ಮವಲ್ಲ. ಕೋರ್ಟು ಕೇಳುವಷ್ಟು ತಿಳಿವಳಿಕೆ ಪತ್ರವನ್ನು ಕೊಟ್ಟು ಕೆಡವಿದರೆ ಕಾನೂನು ತೃಪ್ತವಾಗಬಹುದು. ಕೆಡವಿದ ರಾತ್ರಿ ಆ ಮಕ್ಕಳು ಎಲ್ಲಿ ಮಲಗಿದರೆಂದು ಕಾನೂನು ವಿಚಾರಿಸದು. ಅದನ್ನು ನಾವು ವಿಚಾರಿಸಬೇಕು.

ಕೊನೆಯದು ಪ್ರಯೋಜನ. ಕೇಳಿ ಎದ್ದುಹೋಗುವ ವಿಚಾರದಿಂದ ಫಲವಿಲ್ಲ. ಸದ್ಭಕ್ತರು ಮಾಡಬಹುದಾದುದನ್ನು ನಾಲ್ಕು ಮಾತಿನಲ್ಲಿ ಹೇಳುವೆನು. ಒಂದು: ವಸತಿಯ ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆ. ಅಲ್ಲಿ ನಮ್ಮವರ ಹೆಸರನ್ನು ಕೂಗುವ ಮೊದಲು ನೆಲೆಯಿಲ್ಲದವನ ಹೆಸರು ಪಟ್ಟಿಯಲ್ಲಿದೆಯೇ ಎಂದು ಕೇಳಬೇಕು. ಎರಡು: ಓದುಬರಹ ಬಲ್ಲ ಯುವಕರು ಗುಡಿಸಲಿನವರ ಅರ್ಜಿಗಳನ್ನು ಬರೆದುಕೊಟ್ಟು, ತಾಲ್ಲೂಕು ಕಚೇರಿಯವರೆಗೆ ಜೊತೆಗೆ ನಡೆಯಬೇಕು, ಇದು ಕಾಸು ಖರ್ಚಿಲ್ಲದ ದಾಸೋಹ. ಮೂರು: ಸುಗ್ಗಿಗೆ ಕೂಲಿಯವರನ್ನು ಕರೆತರುವ ತೋಟದವರು ಅವರನ್ನು ನಾಲೆಯ ದಂಡೆಗೆ ಬಿಡದೆ, ತಮ್ಮ ನೆಲದಲ್ಲಿಯೇ ನೆರಳು, ನೀರು, ಹೆಂಗಸರಿಗೆ ಮರೆಯುಳ್ಳ ಸ್ಥಳ ಇವನ್ನು ಒದಗಿಸಬೇಕು. ನಾಲ್ಕು: ಗುಡಿಗಳ, ಮಠಗಳ ಜಗಲಿಯ ಮೇಲೆ ರಾತ್ರಿ ತಂಗಿದವನನ್ನು ಬೀಗ ತೋರಿಸಿ ಎಬ್ಬಿಸಬಾರದು. ಅವನು ಯಾರು, ಎಲ್ಲಿಯವನು, ಉಂಡನೇ ಇಲ್ಲವೇ ಎಂದು ವಿಚಾರಿಸುವುದೇ ಆ ಜಗಲಿಯನ್ನು ಕಟ್ಟಿಸಿದವರ ಅಭಿಪ್ರಾಯವಾಗಿತ್ತು.

ಭೂಮಿಯನ್ನು ಯಾರೂ ಹೊತ್ತುಕೊಂಡು ಬಂದಿಲ್ಲ. ಹೊತ್ತುಕೊಂಡು ಹೋಗುವುದೂ ಇಲ್ಲ. ಪಹಣಿಯಲ್ಲಿ ನಮ್ಮ ಹೆಸರಿರುವುದು ಕೆಲವು ಕಾಲ. ಆ ಕಾಲದೊಳಗೆ, ಹೆಸರಿಲ್ಲದವನಿಗೂ ಒಂದು ಅಂಕಣದ ನೆಲ ದೊರೆಯುವಂತೆ ಮಾಡುವ ಬುದ್ಧಿಯನ್ನು ಗುರುಕೃಪೆಯು ನಮಗೆಲ್ಲರಿಗೂ ದಯಪಾಲಿಸಲೆಂದು ಪ್ರಾರ್ಥಿಸುವೆನು.